ಹಿತ್ತಾಳೆ ತಪ್ಪಲೆಯ ಹಾಲು

ಒಲೆ ಕೀಂಕೀಂ ಅಂದು ಆರಿತು. ಮತ್ತೆ ಒತ್ತಿದೆ, ಮತ್ತೆ ಕೀಂಕೀಂ. ಗೃಹಪ್ರವೇಶದ ದಿನ, ಒಂಬತ್ತಕ್ಕೆ ರಾಹುಕಾಲ ಬೇರೆ. ಅಷ್ಟು ದೊಡ್ಡ ತಪ್ಪಲೆ ತಲೆಮೇಲೆ ಕೂತಿದ್ದರೂ ಈ ದರಿದ್ರ ಕರೆಂಟ್ ಒಲೆ ಪಾತ್ರೆಯೇ ಇಲ್ಲ ಎನ್ನುತ್ತಿತ್ತು.

"ಏನ್ರೀ ಇದು?" ಎಂದು ನನ್ನ ಗಂಡ ಗುರುಕಿರಣರ ಮೇಲೆ ಹರಿಹಾಯ್ದೆ. "ಅಂಗಡಿಯವನು ನೀರು ಕಾಯಿಸಿ ತೋರಿಸ್ದ ಅಂದ್ರಲ್ಲ!"

"ಅವನ ಪಾತ್ರೇಲಿ ಕಾಯಿಸ್ದ ಕಣೇ," ಎಂದರು, ಮೆಲ್ಲಗೆ.

ಕೆ.ಆರ್. ಪುರದ ಈ ಅಪಾರ್ಟ್‌ಮೆಂಟಿಗೆ ಪೈಪಿನ ಗ್ಯಾಸ್ ಇನ್ನೂ ಬಂದಿಲ್ಲ, ಸಿಲಿಂಡರ್ ಒಳಗೆ ತರುವಂತಿಲ್ಲ. ಅದಕ್ಕೇ ಇವರು ಶಿವಾಜಿನಗರಕ್ಕೆ ಹೋಗಿ ಇಂಡಕ್ಷನ್ ಒಲೆ ತಂದಿದ್ದರು. ನಮ್ಮ ಪಾತ್ರೆ ಇಟ್ಟು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ನೋಡುವಂತಿರಲಿಲ್ಲ. ಅತ್ತೆ ವಿಮಲಾಕ್ಷಿಯವರ ಆ ಹಿತ್ತಾಳೆ ತಪ್ಪಲೆ ಮದುವೆಯಲ್ಲಿ ತವರಿನಿಂದ ಬಂದದ್ದು. ಸ್ವಂತ ಮನೆಯಲ್ಲಿ ಹಾಲು ಉಕ್ಕಿಸುವ ತನಕ ಒಲೆಗೇರಿಸಬೇಡ ಎಂದು ಅವರಮ್ಮ ಹೇಳಿ ಕಳಿಸಿದ್ದರಂತೆ. ಕಗ್ಗದಾಸಪುರದಲ್ಲಿ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅದು ಹಳೆ ಸೀರೆ ಸುತ್ತಿಕೊಂಡೇ ತಿರುಗಿತು. ಈಗ ಸ್ವಂತ ಮನೆ ಆಯಿತು, ಅತ್ತೆಯ ಕಣ್ಣು ಮಂಜಾಯಿತು. ಆಪರೇಷನ್ ಮಾಡಿಯೂ ಉಪಯೋಗವಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದಾರೆ. "ಪೂರ್ತಿ ಕತ್ತಲಾಗೋದ್ರೊಳಗೆ ನಮ್ಮನೇಲಿ ಹಾಲು ಉಕ್ಕೋದು ಒಂದ್ಸಲ ನೋಡ್ಬಿಡ್ತೀನಿ," ಎಂದು ವಾರದಿಂದ ಅದೇ ಮಾತು.

ಎದುರು ಮನೆಯ ನಾಜಿಶ್ ಸದ್ದು ಕೇಳಿ ಬಂದಳು. ತನ್ನ ಫ್ರಿಜ್ಜಿನ ಬಾಗಿಲಿಗಿದ್ದ ಮ್ಯಾಗ್ನೆಟ್ ಗೊಂಬೆಯನ್ನು ತಂದು ತಪ್ಪಲೆಗೆ ಒತ್ತಿದಳು. ಗೊಂಬೆ ಜಾರಿ ಕೆಳಗೆ ಬಿತ್ತು.

"ಹಿತ್ತಾಳೆ, ತಾಮ್ರ ಎಲ್ಲ ಈ ಒಲೇಲಿ ಕಾಯಲ್ಲ ಆಶಾ. ಮ್ಯಾಗ್ನೆಟ್ ಕಚ್ಕೋಬೇಕು, ತಳ ಚಪ್ಪಟೆ ಇರ್ಬೇಕು. ನಮ್ಮನೆ ಸ್ಟೀಲ್ ಪಾತ್ರೆ ಕೊಡ್ತೀನಿ, ಇರು."

ತಂದೂ ಕೊಟ್ಟಳು. ಅತ್ತೆ ಅದನ್ನು ಕೈಯಲ್ಲೇ ಸವರಿ ನೋಡಿದರು. "ಚೆನ್ನಾಗಿದೆ ಕಣಮ್ಮ. ನಾಳೆ ಇದ್ರಲ್ಲೇ ಪಾಯಸ ಮಾಡಿ ನಿಂಗೂ ಕೊಡ್ತೀನಿ. ಹಾಲು ಮಾತ್ರ ಅಮ್ಮನ ತಪ್ಪಲೇಲೇ ಉಕ್ಕಬೇಕು."

ಹಟ ಅಂದರೆ ಹಟ! ನನಗೆ ಸಿಟ್ಟೂ ಬಂತು, ಅಳುವೂ ಬಂತು. ಕೊನೆಗೆ ದೋಸೆಯ ಕಬ್ಬಿಣದ ಕಾವಲಿಯನ್ನು ಒಲೆಯ ಮೇಲಿಟ್ಟು, ಅದರ ಮೇಲೆ ತಪ್ಪಲೆ ಕೂರಿಸಿದೆ. ಒಲೆ ಒಪ್ಪಿಕೊಂಡಿತು. ಅಬ್ಬಾ, ಶಿವನೇ ಅಂದುಕೊಂಡೆ. ಅತ್ತೆ ತಪ್ಪಲೆಗೆ ಮುಖ ತಾಗುವಷ್ಟು ಬಾಗಿ ನಿಂತರು.

ಕಾವಲಿ ಹೊಗೆಯಾಡಿತು, ಹಾಲು ಅಲ್ಲಾಡಲಿಲ್ಲ. ತಪ್ಪಲೆಯ ತಳ ಉಬ್ಬಾಗಿತ್ತು. ಕಾವಲಿಗೆ ತಾಗಿದ್ದು ಅಂಗೈಯಷ್ಟು ಜಾಗ. ಅಷ್ಟರಲ್ಲಿ ಒಲೆ, ತನಗೆ ಬಿಸಿ ಹೆಚ್ಚಾಯಿತೆಂದು ಆರಿಹೋಯಿತು. ಇವರು ಪೇಪರು ಮಡಿಸಿ ಅದಕ್ಕೆ ಗಾಳಿ ಹಾಕಿದರು. ಹಚ್ಚಿದೆ, ಆರಿತು. ಗಡಿಯಾರ ನೋಡಲು ನನಗೆ ಧೈರ್ಯ ಸಾಲಲಿಲ್ಲ.

"ಬಿಳೀದೊಂದೇ ಕಾಣ್ತಿದೆ," ಎಂದರು ಅತ್ತೆ. "ಉಕ್ತಾ, ಆಶಾ?"

ಇವರು ನನ್ನ ಮುಖ ನೋಡಿದರು. ನಾಜಿಶ್ ತಲೆ ತಗ್ಗಿಸಿದಳು. ನನ್ನ ಕೈಲಿ ಇನ್ನೇನಿತ್ತು? ಸೌಟಿನಲ್ಲಿ ಒಂದಿಷ್ಟು ಹಾಲು ತೆಗೆದು ಅಂಚಿನಾಚೆ ಚೆಲ್ಲಿದೆ. ಕಾದ ಕಾವಲಿಯ ಮೇಲೆ ಅದು ಚುಂಯ್ ಎಂದಿತು. ಸೀದ ಹಾಲಿನ ವಾಸನೆ ಅಡುಗೆಮನೆ ತುಂಬಿತು.

"ಉಕ್ತು ಅತ್ತೆ. ಪೂರ್ವದ ಕಡೆಗೇ ಉಕ್ತು."

ಅತ್ತೆ ಕೈ ಮುಗಿದರು. ಆಮೇಲೆ, ನಾನು ತಡೆಯುವಷ್ಟರಲ್ಲಿ, ಎರಡೂ ಅಂಗೈಗಳನ್ನು ಇನ್ನೂ ಉಗುರುಬೆಚ್ಚಗಷ್ಟೇ ಇದ್ದ ತಪ್ಪಲೆಯ ಮೈಗೆ ಒತ್ತಿದರು. ತೆಗೆಯಲೇ ಇಲ್ಲ. ಮಗುವಿನ ಕೆನ್ನೆ ಹಿಡಿದಂತೆ ಹಿಡಿದುಕೊಂಡೇ ನಿಂತರು.

ಕೊನೆಗೆ ಅವರೇ ತಡವರಿಸಿ ಸೌಟು ಹುಡುಕಿ, ಲೋಟಕ್ಕೆ ಹಾಲು ಬಗ್ಗಿಸಿ ನನ್ನ ಕಡೆ ಚಾಚಿದರು.

"ಮನೆ ಸೊಸೆ ಮೊದ್ಲು ಕುಡೀಲಿ. ಹುಷಾರು ಕಣೇ, ಸುಡ್ತಿದೆ. ಊದ್ಕೊಂಡು ಕುಡಿ."

ಊದಿಕೊಂಡೇ ಕುಡಿದೆ.