ಮಾಮಾ ಎದುರಿಗಿದ್ದರು, ಒಳಗೆ ಬಂದವರು ಯಾರು?

ಕೆಲಸ ಮಾಡುತ್ತಿರುವಾಗ ಕಂಪ್ಯೂಟರ್ ಪರದೆಗೆ ತಾನಾಗಿ ಬೀಗ ಬಿದ್ದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ಕೊಯಮತ್ತೂರಿನ ಹತ್ತಿರ, ಕನ್ನಡ ಮಾತಾಡುವ ನೇಕಾರರಿರುವ ನೆಗಮಂನ ಚಂದ್ರಾಗೆ ಮಾತ್ರ ಅದು ಅಭ್ಯಾಸವಾಗಿ ಹೋಗಿತ್ತು. ಸೀರೆಯ ಅಂಚಿಗೆ ಬಳ್ಳಿ ಬಿಡಿಸುತ್ತ ಕೂತಿರುವಾಗ ಪರದೆ ಮುಚ್ಚಿಕೊಳ್ಳುತ್ತಿತ್ತು. "ಮಾಮಾ ಒಳಗೆ ಬಂದ್ರು" ಎಂದು ಅವಳು ಕಾಫಿಗೆ ಏಳುತ್ತಿದ್ದಳು.

ಮಾಮಾ ಎಂದರೆ ಅವಳ ಸೋದರಮಾವ, ಸೀರೆ ವ್ಯಾಪಾರಿ ದೇವರಾಜನ್. ನಲವತ್ತು ಮಗ್ಗದ ಮನೆಗಳಿಗೆ ನೂಲೂ ಡಿಸೈನೂ ಕೊಡುವವರು. ತಿಂಗಳಲ್ಲಿ ಹದಿನೈದು ದಿನ ವಿಜಯವಾಡ, ಸೂರತ್ ಎಂದು ಸುತ್ತುವರು. ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ, ಹೋದ ಊರಿನ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ನೆಗಮಂನ ಕಂಪ್ಯೂಟರನ್ನೇ ತೆರೆದು, ಹೊಸ ಡಿಸೈನ್ ತೋರಿಸಿ ಆರ್ಡರ್ ಹಿಡಿಯುವುದನ್ನು ಕಲಿತಿದ್ದರು. ಇದಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎನ್ನುತ್ತಾರೆ. ದೂರದಿಂದ ಅವರು ಒಳಗೆ ಬಂದರೆ ಇಲ್ಲಿ ಕೂತವಳ ಪರದೆಗೆ ಬೀಗ.

2008ರ ಆಡಿ, ಅಂದರೆ ಆಷಾಢ ತಿಂಗಳಲ್ಲಿ ಮನೆಗೆ ಸಿಡಿಲು ಬಡಿದಂತಾಯಿತು. ದೀಪಾವಳಿಗೆಂದು ಚಂದ್ರಾ ಬಿಡಿಸಿದ್ದ ನವಿಲಂಚು, ಇವರ ಸೀರೆ ಮಗ್ಗದಿಂದ ಇಳಿಯುವ ಮೊದಲೇ, ಬೇರೆ ಯಾರದೋ ಸೀರೆಯ ಮೇಲೆ ಕೊಯಮತ್ತೂರಿನ ಅಂಗಡಿಯಲ್ಲಿ ಬಂದು ಕೂತಿತ್ತು. ಅವಳು ಅವಸರದಲ್ಲಿ ನವಿಲಿನ ಕತ್ತನ್ನು ತುಸು ಓರೆ ಬಿಡಿಸಿದ್ದಳು. ಆ ಓರೆಯೂ ಹಾಗೇ ಇತ್ತು. ನಲವತ್ತು ಮನೆಗಳಲ್ಲೂ ಒಂದೇ ಪಿಸುಮಾತು: ಡಿಸೈನ್ ಇರುವುದು ಅವಳ ಕೈಯಲ್ಲಿ, ಮಾರಿದವಳೂ ಅವಳೇ.

ಆ ಸೀರೆಯನ್ನು ಹಿಡಿದು ಮಾಮಾ ಅವಳ ಮೇಜಿನ ಮುಂದೆ ಬಂದು ನಿಂತರು.

"ಸತ್ಯ ಹೇಳ್ಬಿಡು ಕಣ್ಣು, ನನ್ ಕಂದಾ. ಯಾರ್ಗೆ ಕೊಟ್ಟೆ? ನಾ ಬಯ್ಯಲ್ಲ."

ಚಂದ್ರಾಗೆ ಮೈಯೆಲ್ಲ ಉರಿಯಿತು. "ಕೊಟ್ಟಿದ್ರೆ ಆ ಓರೆ ಕತ್ತನ್ನಾದ್ರೂ ಸರಿ ಮಾಡಿ ಕೊಡ್ತಿದ್ದೆ ಮಾಮಾ! ನನ್ನ ಮಾನ ನಾನೇ ಮಾರ್ಕೊಳ್ತೀನಾ?"

ಆಗಲೇ ಪರದೆಗೆ ಬೀಗ ಬಿತ್ತು.

ಚಂದ್ರಾ ಪರದೆ ನೋಡಿದಳು, ಮಾಮನ ಮುಖ ನೋಡಿದಳು. "ನೀವು ಇಲ್ಲೇ ನಿಂತಿದ್ದೀರಿ. ಒಳಗೆ ಬಂದೋರು ಯಾರು?"

"ಮೆಷಿನ್ ರಿಪೇರಿ ಇರ್ಬೇಕು," ಎಂದು ಮಾಮಾ ತಡವರಿಸಿದರು.

ಅವಳು ಮುಂದಿನ ಮಾತಿಗೆ ಕಾಯಲಿಲ್ಲ. ಇಂಟರ್ನೆಟ್ ವಯರನ್ನು ಸರಕ್ಕನೆ ಕಿತ್ತು, ಸುತ್ತಿ, ತನ್ನ ಕೈಚೀಲಕ್ಕೆ ತುರುಕಿದಳು. "ಮೆಷಿನ್ ಸರಿಯಾಗೇ ಇದೆ, ಅದರ ಬೀಗ, ಆ ಪೂಟು ಸರಿ ಇಲ್ಲ. ಒಳ್ಳೇ ಪೂಟು ಹಾಕೋ ತನಕ ಈ ವಯರ್ ಕೊಡಲ್ಲ. ನೀವು ಯಜಮಾನ್ರು, ಮೊದಲಾಳಿ ಆದ್ರೂ ಸೆರಿ."

"ಈ ವಾರ ಸೂರತ್‌ಗೆ ಹೋಗ್ಬೇಕಲ್ಲ! ಯಾಪಾರ ಏನಾಗೋದು?"

"ಯಾಪಾರ ಆಗ್ಲೇ ಇನ್ನೊಬ್ರ ಅಂಗಡಿಗೆ ಹೋಗಿದೆ ಮಾಮಾ."

ಮರುದಿನ ಚಂದ್ರಾ ತನ್ನ ಗೆಳತಿ ಜಾಸ್ಮಿನ್‌ಳನ್ನು ಕರೆಸಿದಳು. ಹಾಸನದಿಂದ ಬಂದು ಕೊಯಮತ್ತೂರಿನಲ್ಲಿ ನೆಟ್‌ವರ್ಕ್ ಇಂಜಿನಿಯರ್ ಆಗಿದ್ದವಳು ಆಕೆ.

"ಪಾಸ್‌ವರ್ಡ್ ಏನು ಇಟ್ಟಿದ್ದೀರಿ ಸಾರ್?"

ಮಾಮಾ ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಕೂತಿದ್ದ ಅವರ ತಾಯಿ ಸುಬ್ಬಾತಾಳ್ ಹೇಳಿದರು: "ಚೌಡೇಶ್ವರಿ! ಬೇರೆ ಏನಿಡ್ತಾರೆ? ನಮ್ ಬೀದೀಲಿ ಎಲ್ರಿಗೂ ಅವಳೇ ಮನೆದೇವರು."

"ಅಂದ್ರೆ ಬೀದಿಯಲ್ಲಿ ಯಾರು ಬೇಕಾದರೂ ಊಹಿಸಬಹುದು," ಎಂದಳು ಜಾಸ್ಮಿನ್.

"ಅಮ್ಮನ ಹೆಸರು ತೆಗೀಬಾರ್ದು," ಅಜ್ಜಿ ಮುನಿಸಿಕೊಂಡರು. "ಅವಳೇ ಕಾಪಾಡ್ತಾಳೆ."

ಚಂದ್ರಾ ಅಜ್ಜಿಯ ಪಕ್ಕ ಕೂತಳು. "ಅಜ್ಜಿ, ಗುಡೀಲಿ ಅಮ್ಮನ ಒಡವೆ ಪೆಟ್ಟಿಗೆಗೆ ಎಷ್ಟು ಪೂಟು?"

"ಎರಡು. ಒಂದು ಪೂಟಿನ ಸಾವಿ ಪೂಜಾರಿ ಹತ್ರ, ಇನ್ನೊಂದರದು ಊರ ಯಜಮಾನ್ರ ಹತ್ರ."

"ಅಮ್ಮನ ಒಡವೆಗೇ ಎರಡು ಪೂಟು ಬೇಕು. ನನ್ನ ಡಿಸೈನ್‌ಗೆ ಅವಳ ಹೆಸರೊಂದೇ ಸಾಕಾ?"

ಅಜ್ಜಿ ಎಲೆಯಡಿಕೆಯನ್ನು ಕೆನ್ನೆಗೆ ಒತ್ತಿಕೊಂಡು ಮಗನನ್ನು ಕರೆದರು. "ದೇವರಾಜು, ಮಗು ಹೇಳೋದು ಕೇಳು."

ಜಾಸ್ಮಿನ್ ಮಾಮನ ಕಡೆ ತಿರುಗಿದಳು. "ಬ್ರೌಸಿಂಗ್ ಸೆಂಟರಿನಲ್ಲಿ ಪಾಸ್‌ವರ್ಡ್ ಸೇವ್ ಮಾಡಿದ್ರಾ ಸಾರ್?"

"ಪ್ರತಿ ಸಲ ಯಾರು ಟೈಪ್ ಮಾಡೋದು ಅಂತ..."

"ಹಾಗಾದರೆ ನೀವು ಎದ್ದ ಮೇಲೆ ಆ ಕುರ್ಚಿಯಲ್ಲಿ ಕೂತವನಿಗೂ ನಿಮ್ಮ ಬಾಗಿಲು ತೆರೆದೇ ಇತ್ತು. ಕಳ್ಳ ಹಾಗೆ ಬಂದನೋ, ಊಹಿಸಿ ಬಂದನೋ ನಾನು ಹೇಳಲಾರೆ. ಎರಡು ದಾರಿಯೂ ಖುಲ್ಲಾ ಇದ್ದವು."

ಸಂಜೆಯವರೆಗೆ ಅವಳು ಕೆಲಸ ಮಾಡಿದಳು. ಇಡೀ ಲೋಕಕ್ಕೆ ಕಾಣುತ್ತಿದ್ದ ಬಾಗಿಲನ್ನು ಮುಚ್ಚಿದಳು. ಮೊದಲು ವಿಪಿಎನ್ ಎಂಬ ಖಾಸಗಿ ದಾರಿಗೆ ಒಂದು ಪಾಸ್‌ವರ್ಡ್, ಅದನ್ನು ದಾಟಿದ ಮೇಲೆ ಕಂಪ್ಯೂಟರಿಗೆ ಇನ್ನೊಂದು. ಒಳಗೆ ಬರಲು ಚಂದ್ರಾಗೆ ಬೇರೆ ಹೆಸರು, ಮಾಮನಿಗೆ ಬೇರೆ ಹೆಸರು. ಐದು ಸಲ ತಪ್ಪಿದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಊರಿಗೆ ಹೋಗುವಾಗ ಸ್ವಂತ ಲ್ಯಾಪ್‌ಟಾಪ್, ಡೇಟಾ ಕಾರ್ಡ್. ಬ್ರೌಸಿಂಗ್ ಸೆಂಟರಿನ ಸಹವಾಸ ಬೇಡವೇ ಬೇಡ. ಲ್ಯಾಪ್‌ಟಾಪ್ ಕಳೆದರೆ ಆ ಕ್ಷಣವೇ ಮನೆಗೆ ಫೋನ್.

"ಸೆರಿ, ಈಗಾದ್ರೂ ವಯರ್ ಕೊಡು," ಎಂದರು ಮಾಮಾ.

"ಇನ್ನೊಂದು ಬಾಕಿ ಇದೆ. ನಲವತ್ತು ಮನೇಲೂ ನನ್ನ ಹೆಸರು ಕೆಟ್ಟಿದೆ. ಅದನ್ನ ಜಾಸ್ಮಿನ್ ಸರಿ ಮಾಡಕ್ಕಾಗಲ್ಲ, ನೀವೇ ಮಾಡ್ಬೇಕು."

ಮಾಮಾ ಚಪ್ಪಲಿ ಮೆಟ್ಟಿದರು. ಮನೆಮನೆಗೂ ಹೋಗಿ, ಮಗ್ಗ ನಿಲ್ಲಿಸಿ ಹೇಳಿದರು: "ಚಂದ್ರಾ ತಪ್ಪು ಮಾಡ್ಲಿಲ್ಲ. ಬಾಗಿಲು ತೆಗೆದಿಟ್ಟೋನು ನಾನು." ಚಂದ್ರಾ ಅವರ ಪಕ್ಕದಲ್ಲೇ ನಡೆದಳು. ಎಲ್ಲೂ ತಲೆ ತಗ್ಗಿಸಲಿಲ್ಲ. ಮನೆಗೆ ಬಂದ ಮೇಲೆ ಕೈಚೀಲದಿಂದ ವಯರ್ ತೆಗೆದು ಕೊಟ್ಟಳು.

ಆ ವಾರ ಸೂರತ್‌ನಿಂದ ಫೋನ್ ಬಂತು. "ಕಣ್ಣು, ಲ್ಯಾಪ್‌ಟಾಪ್ ಚಾರ್ಜ್ ಪೋಚು, ಪೂರಾ ಖಾಲಿ. ಪಕ್ಕದಲ್ಲೇ ಬ್ರೌಸಿಂಗ್ ಸೆಂಟರ್ ಇದೆ. ಜಾಸ್ಮಿನ್‌ಗೆ ಹೇಳಿ ಹಳೇ ದಾರಿ ಐದೇ ನಿಮಿಷ ತೆಗೆಸು."

"ತೆಗೆಸಲ್ಲ ಮಾಮಾ."

"ಕೇಳ್ತಿರೋದು ನಾನೇ ಕಣಮ್ಮಾ, ನಿನ್ ಮಾಮಾ!"

"ಯಾರೇ ಆದ್ರೂ ತೆಗೆಸಲ್ಲ. ಲಾಡ್ಜಿಗೆ ಹೋಗಿ ಚಾರ್ಜ್ ಹಾಕ್ಕೊಂಡು ಬನ್ನಿ."

ಗೊಣಗುತ್ತ ಫೋನ್ ಇಟ್ಟರು. ಒಂದು ಗಂಟೆಯ ಮೇಲೆ ಚಂದ್ರಾಳ ಪರದೆಗೆ ಬೀಗ ಬಿತ್ತು. ಮೇಲೆ ಮಾಮನದೇ ಹೆಸರಿತ್ತು. ಅವಳು ನಗುತ್ತ ಕಾಫಿಗೆ ಎದ್ದಳು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯವರೂ ಊರೂರು ಸುತ್ತುತ್ತ ಆಫೀಸಿನ ಕಂಪ್ಯೂಟರ್ ತೆರೆಯುತ್ತಾರೆಯೇ? ಪಾಸ್‌ವರ್ಡ್ ಏನೆಂದು ನಿಮ್ಮ ಬೀದಿಗೇ ಗೊತ್ತಿದ್ದರೆ ಇವತ್ತೇ ಬದಲಿಸಿ. ಎರಡನೇ ಬೀಗ ಹಾಕಿಸಿ, ತಿಳಿದವರನ್ನು ಕರೆಯಲು ನಾಚಬೇಡಿ. ಕನ್ನಡ ಓದಲು ಬಾರದವರಿಗೆ ಇದನ್ನು ಓದಿ ಹೇಳಿ. ನಿಮ್ಮವರೆಲ್ಲ ಎದುರಿಗೇ ಇದ್ದು ಪರದೆಗೆ ಬೀಗ ಬಿದ್ದರೆ, ಯಾರ ಅಪ್ಪಣೆಗೂ ಕಾಯದೆ ವಯರ್ ಕಿತ್ತುಬಿಡಿ.