ಮುಯ್ಯಿ ಉಸಿರು

“ಇದರಾಗ ನಿನ್ನ ಉಸುರು ಎಲ್ಲಾರಕಿಂತ ಚಲೋ ಐತಲ್ಲಬೇ ಆದಮ್ಮ! ಕುಂಡ್ರೋ ಕೆಲಸ ನಿನಗ್ಯಾಕ?” ಮಿಲ್ಲಿನ ಗುಮಾಸ್ತ ಶಕೀಲ್ ಆಕೆಯ ಫೋನನ್ನು ಆಕೆಯ ಮುಖಕ್ಕೇ ಹಿಡಿದ. ಅದರ ತುಂಬ ಅರಳಿದ ಹೂವು.

ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯ ಆ ರೈಸ್ ಮಿಲ್ಲಿನಲ್ಲಿ ಆದಮ್ಮ ಹನ್ನೊಂದು ವರ್ಷದಿಂದ ತೌಡು ಹೊತ್ತವಳು. ಧೂಳು ಎದೆಗಿಳಿದು ಈಗ ನಾಲ್ಕು ಹೆಜ್ಜೆಗೇ ಏದುಸಿರು. ಧೂಳು ಬಿಡದಿದ್ದರೆ ಎದೆ ಉಳಿಯುವುದಿಲ್ಲ ಎಂದು ಲಿಂಗಸುಗೂರಿನ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಹೊರಗೆ ಬೇವಿನ ಗಿಡದ ಕೆಳಗೆ ಕೂತು ಚೀಲದ ಬಾಯಿ ಹೊಲಿಯುವ ಒಂದೇ ಒಂದು ಜಾಗ ಖಾಲಿ ಇತ್ತು. ಉಸಿರು ಕಡಿಮೆ ಇದ್ದವರಿಗೇ ಅದು ಎಂದು ಮಾಲಕರು ಹೇಳಿದ್ದರು.

ಹಾಳಾದ್ದು ಆ ಫೋನು! ಆರು ತಿಂಗಳ ಹಿಂದೆ ಮಾಲಕರೇ ಎಲ್ಲ ಹೆಣ್ಣಾಳುಗಳ ಫೋನಿಗೂ ಉಸಿರಾಟದ ಆಪ್ ಹಾಕಿಸಿದ್ದರು. ದಿನಾ ಬೆಳಿಗ್ಗೆ ಮೂಗಿನಿಂದ ಉಸಿರೆಳೆದು, ಫೋನಿನ ಮುಂದೆ ದುಂಬಿಯ ಹಾಗೆ ‘ಹೂಂ’ ಎನ್ನುತ್ತ ಬಿಡಬೇಕು. ಇಪ್ಪತ್ತು ಎಣಿಸುವ ತನಕ ದನಿ ತುಂಡಾಗದಿದ್ದರೆ ಹೂವು ಅರಳುತ್ತದೆ. ಆದಮ್ಮನದು ಏಳಕ್ಕೇ ಕೆಮ್ಮಾಗಿ ಮೊಗ್ಗಿನಲ್ಲೇ ಮುದುಡುತ್ತಿತ್ತು. ಉಳಿದ ಹೆಂಗಸರು ಕಿಸಕ್ಕನೆ ನಗುತ್ತಿದ್ದರು.

ಗೆಳತಿ ಭಾರತಿಯೇ ಆಕೆಯನ್ನು ಚೀಲಗಳ ಮರೆಗೆ ಎಳೆದೊಯ್ದಿದ್ದಳು. “ಫೋನು ತಾ ಇಲ್ಲೆ. ನಿನ್ನ ಉಸುರು ನಾ ಬಿಡ್ತೀನಿ, ನನ್ನ ನಾಕು ಬುಟ್ಟಿ ನೀ ಹೊರು. ಮುಯ್ಯಿಗೆ ಮುಯ್ಯಿ!”

ಇವತ್ತು ನಿನ್ನ ಗದ್ದೆ, ನಾಳೆ ನನ್ನ ಗದ್ದೆ ಎಂದು ಮುಯ್ಯಾಳಾಗಿ ನಾಟಿ ಮಾಡಿ ಬೆಳೆದವರು ಅವರು. ಉಸಿರಿಗೂ ಮುಯ್ಯಿ ಯಾಕಾಗಬಾರದು ಅಂದುಕೊಂಡಳು ಆದಮ್ಮ. ಆರು ತಿಂಗಳು ಏದುತ್ತಲೇ ಭಾರತಿಯ ಬುಟ್ಟಿಗಳನ್ನೂ ಹೊತ್ತಳು.

“ಅದು ನನ್ನ ಉಸುರಲ್ರೀ ಸಾಹೇಬ್ರ, ಭಾರತೀದು,” ಎಂದಳು ಈಗ ಆದಮ್ಮ.

“ಹೌದೇನಬೇ ಭಾರತಿ?” ಶಕೀಲ್ ಅಲ್ಲೇ ನಿಂತಿದ್ದ ಆಕೆಯತ್ತ ತಿರುಗಿದ.

ಭಾರತಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. “ನಾ ಯಾಕ ಬಿಡ್ಲಿರೀ? ನನ್ನದು ನನಗ ಸಾಲಂಗಿಲ್ಲ. ನೋಡ್ರಿ ಬೇಕಾರ,” ಎಂದು ತನ್ನ ಫೋನು ಚಾಚಿದಳು.

ಅದರಲ್ಲಿ ತಿಂಗಳಿಂದ ಒಂದು ಹೂವೂ ಅರಳಿರಲಿಲ್ಲ. ಬೇವಿನ ಕೆಳಗಿನ ಜಾಗ ಖಾಲಿಯಾಗುವ ಸುದ್ದಿ ಬಂದೂ ತಿಂಗಳೇ ಆಗಿತ್ತು.

ಆದಮ್ಮ ಭಾರತಿಯ ತೋಳು ಹಿಡಿದಳು. “ನನ್ನ ಮಾರಿ ನೋಡಿ ಹೇಳ ಭಾರತಿ! ನಿನ್ನ ಬುಟ್ಟಿ ಹೊತ್ತಕಿ ನಾ ಅಲ್ಲೇನು?”

ಭಾರತಿ ನೆಲ ಬಿಟ್ಟು ಕಣ್ಣೆತ್ತಲಿಲ್ಲ. ಆದಮ್ಮ ಡಾಕ್ಟರ ಚೀಟಿ ಮುಂದಿಟ್ಟಳು.

“ಚೀಟಿ ಯಾರು ಬೇಕಾದ್ರೂ ತರ್ತಾರ,” ಎಂದ ಶಕೀಲ್. “ಫೋನ್ ಸುಳ್ಳು ಹೇಳಂಗಿಲ್ಲ.”

ಮರುದಿನ ಬೆಳಿಗ್ಗೆ ಆದಮ್ಮ ಎಲ್ಲರೆದುರೇ ಫೋನು ಹಿಡಿದು ತನ್ನ ಉಸಿರು ತಾನೇ ಬಿಟ್ಟಳು. ಏಳಕ್ಕೆ ಕೆಮ್ಮು ಬಂತು. ಶಕೀಲ್ ಹುಬ್ಬು ಗಂಟಿಕ್ಕಿದ. “ನಿನ್ನೀ ತನಕ ಚಲೋ ಇತ್ತು. ಬೇಕಂತ ಕಡಿಮಿ ಮಾಡಾಕತ್ತೀಯೇನು?”

ಆಕೆ ಸೆರಗನ್ನು ಮೂಗು ಬಾಯಿಗೆ ಬಿಗಿದುಕೊಂಡು ತೌಡಿನ ಬುಟ್ಟಿ ತಲೆಗೇರಿಸಿದಳು. ಹೊರಗೆ ಬೇವಿನ ನೆರಳಿನಲ್ಲಿ ಭಾರತಿ ಚೀಲ ಹೊಲಿಯುತ್ತ ಸೋಬಾನೆ ಪದವೊಂದನ್ನು ಬಾಯಿ ಮುಚ್ಚಿಯೇ ಗುನುಗುತ್ತಿದ್ದಳು. ಆದಮ್ಮ ನಡೆಯುತ್ತಲೇ ಎಣಿಸಿದಳು. ಇಪ್ಪತ್ತನಾಲ್ಕರ ತನಕ ದನಿ ಎಲ್ಲೂ ತುಂಡಾಗಲಿಲ್ಲ.