ಕಾರಿನ ಜಾಗದ ಬಿಸಿಲು

ಆ ದೊಡ್ಡ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸರಿಗೆಲ್ಲ ಅವಳೇ ಹಿರಿಯಳು. ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಬೆಳಕು ಹರಿಯುವ ಮುನ್ನ ಕೆಳಗಿಳಿದರೆ, ಮೇಲೆ ಬರುವಾಗ ಬೀದಿದೀಪ ಹತ್ತಿರುತ್ತಿತ್ತು. ಮುಟ್ಟು ನಿಂತು ಕೆಲವು ವರ್ಷವಾದ ಮೇಲೆ ತೊಡೆ, ಸೊಂಟದ ನೋವು ಶುರುವಾಯಿತು. ಕೂತರೆ ಏಳುವುದು ಕಷ್ಟ.

"ವಯಸ್ಸಾಯ್ತಲ್ಲ ಕಣೆ," ಎಂದ ಗಂಡ.

"ನಿಮಗೆ ನನಗಿಂತ ಜಾಸ್ತಿ ವಯಸ್ಸು. ನೀವು ಕುಣ್ಕೊಂಡು ಓಡಾಡ್ತೀರಲ್ಲ?"

ದಿನವಿಡೀ ಬಸ್ಸು ಓಡಿಸಿ, ಕಿಟಕಿಯಾಚೆ ಚಾಚಿದ ಬಲಗೈಯನ್ನು ಬಿಸಿಲಿಗೆ ಕರ್ರಗೆ ಮಾಡಿಕೊಂಡಿದ್ದ ಗಂಡ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನಡೆದ.

ಒಮ್ಮೆ ಒದ್ದೆ ಹಾಸುಬಟ್ಟೆಗಳ ಬುಟ್ಟಿ ಎತ್ತುವಾಗ ಕಾಲು ಸೋತು ಬಿದ್ದಳು. ಮಣಿಕಟ್ಟು ಮುರಿಯಿತು. ಡಾಕ್ಟರಮ್ಮ ಪ್ಲಾಸ್ಟರ್ ಹಾಕಿ, ರಕ್ತ ಪರೀಕ್ಷೆ ಮಾಡಿಸಿದರು.

"ವಿಟಮಿನ್ ಡಿ ತಳ ಮುಟ್ಟಿದೆ. ಮುಟ್ಟು ನಿಂತ ಮೇಲೆ ಮೂಳೆ ಹೇಗೂ ಬೇಗ ಸವೆಯುತ್ತೆ, ಅದರ ಜೊತೆ ಇದೂ ಸೇರಿದ್ರೆ ಗಾಯದ ಮೇಲೆ ಬರೆ. ಮಾತ್ರೆ ತಪ್ಪಿಸಬೇಡಿ. ದಿನಾ ಸ್ವಲ್ಪ ಹೊತ್ತು ಬಿಸಿಲಲ್ಲಿರಿ, ನಡೀರಿ."

"ಹಾಗಾದ್ರೆ ಇದು ಬರೀ ವಯಸ್ಸಲ್ಲ?"

"ವಯಸ್ಸು ಅಂತ ಸುಮ್ಮನೆ ಕೂರೋ ಅಂಥದ್ದಲ್ಲ."

ಕೈ ಕೂಡಿಕೊಂಡ ಮೇಲೆ ಕೆಲಸಕ್ಕೆ ಬಂದವಳನ್ನು ಮ್ಯಾನೇಜರು ಕರೆದ. "ಸಾಕು ಬಿಡಿ, ಮನೇಲಿ ಆರಾಮಾಗಿರಿ."

"ಸವೆದಿರೋದು ನನ್ನ ಮೂಳೆ, ಕೆಲಸ ಅಲ್ಲ. ಮಧ್ಯಾಹ್ನ ಅರ್ಧ ಗಂಟೆ ಬಿಸಿಲು ಕೊಡಿ."

"ಬಿಸಿಲೇನು ನಮ್ಮ ಗೋಡೌನಲ್ಲಿದೆಯಾ?" ಎಂದು ಅವನು ನಕ್ಕ.

ಹೋಟೆಲಿನ ಹಿತ್ತಲಿಗೆ ಸುತ್ತ ಎತ್ತರದ ಗೋಡೆ. ನಡುಹಗಲಲ್ಲಿ ಬಿಸಿಲು ಬೀಳುವುದು ಒಂದೇ ಕಡೆ, ಅಲ್ಲಿ ಅವನ ಕಾರು ನಿಲ್ಲುತ್ತಿತ್ತು. ಮರುದಿನ ಕಾರು ಹೊರಹೋದದ್ದೇ ತಡ, ದೊಡ್ಡಕ್ಕ ಆ ಜಾಗದಲ್ಲಿ ಕುರ್ಚಿ ಹಾಕಿ, ರವಿಕೆಯ ತೋಳು ಮೇಲಕ್ಕೆ ಮಡಚಿ ಕೂತಳು. ಕಾರು ಬಂತು. ಹಾರ್ನ್ ಹೊಡೆಯಿತು. ಅವಳು ಕಣ್ಣು ಮುಚ್ಚಿಕೊಂಡಳು.

"ಏಳಿ, ಕಾರು ನಿಲ್ಲಿಸ್ಬೇಕು."

"ನೆರಳಲ್ಲಿ ನಿಲ್ಲಿಸಿ. ನಿಮ್ಮ ಕಾರಿಗೇನು ಮುಟ್ಟು ನಿಂತಿದೆಯಾ?"

ಅಡುಗೆಮನೆಯ ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮ್ಯಾನೇಜರಿನ ಕಿವಿ ಕೆಂಪಾಯಿತು. ಸಮವಸ್ತ್ರಗಳಿಗೆ ಗುಂಡಿ ಹೊಲಿಯುವ ಹೆಂಗಸು, ಮುಟ್ಟು ಎಂಬ ಮಾತನ್ನು ಜೀವಮಾನವಿಡೀ ಪಿಸುಗುಟ್ಟಿಯೇ ಆಡಿದವಳು, ತನ್ನ ಸ್ಟೂಲು ತಂದು ದೊಡ್ಡಕ್ಕನ ಪಕ್ಕ ಇಟ್ಟಳು. "ನಂಗೂ ನಿಂತಿದೆ," ಎಂದಳು, ಗಟ್ಟಿಯಾಗಿಯೇ. ಕಾರು ಹಿಂದೆ ಸರಿಯಿತು.

ಮರುದಿನ ಗೋಡೆಯ ಮೇಲೆ ನೋಟೀಸು: ಸಿಬ್ಬಂದಿ ಹಿತ್ತಲಲ್ಲಿ ಕೂರುವಂತಿಲ್ಲ.

ದೊಡ್ಡಕ್ಕ ಎರಡು ಸಲ ಓದಿದಳು. "ಕೂರಬಾರದು ಅಂತ ತಾನೇ ಇರೋದು? ನಡೀರೇ, ನಡೆಯೋಣ."

ಬಿಸಿಲಲ್ಲಿ ಹೆಂಗಸರ ಸಾಲು, ಮತ್ತೆ ಹಳೆಯ ಜಾಗಕ್ಕೇ ಬಂದು ನಿಂತಿದ್ದ ಕಾರಿನ ಸುತ್ತ ಸುತ್ತತೊಡಗಿತು. ವಾರ ಕಳೆಯುವಷ್ಟರಲ್ಲಿ ಕಾರು ತಾನಾಗಿಯೇ ಕಸದ ಡಬ್ಬಿಗಳ ಪಕ್ಕಕ್ಕೆ ಹೋಯಿತು.

ದೊಡ್ಡಕ್ಕನ ಒತ್ತಾಯಕ್ಕೆ ಉಳಿದವರೂ ರಕ್ತ ಕೊಟ್ಟು ಬಂದರು. ಹೆಚ್ಚಿನವರಿಗೆ ಅದೇ ಕೊರತೆ. ಎಲ್ಲರೂ ಒಟ್ಟಿಗೆ ಮ್ಯಾನೇಜರಿನ ಕೋಣೆಗೆ ಹೋದರು. ಒಳಗೆ ಜಾಗ ಸಾಲದೆ ಕೆಲವರು ಬಾಗಿಲಲ್ಲೇ ನಿಂತರು.

"ಈಗೇನು ಮಾಡ್ಬೇಕು ಅಂತೀರಾ?" ಎಂದ, ದನಿ ತಗ್ಗಿಸಿ.

"ಆ ನೋಟೀಸು ಕಿತ್ತುಹಾಕಿ. ಅರ್ಧ ಗಂಟೆ ನಮ್ಮದು. ಭಾರದ ಬುಟ್ಟಿಗೆ ಚಕ್ರ ಹಾಕಿಸಿ."

ನೋಟೀಸು ಅಂದೇ ಹೋಯಿತು, ಅರ್ಧ ಗಂಟೆ ಸಿಕ್ಕಿತು. ಚಕ್ರಕ್ಕೆ ಇನ್ನೂ ಮೂರು ಸಲ ಹೋಗಿ ಕೇಳಬೇಕಾಯಿತು, ಕೇಳಿದರು. ದೊಡ್ಡಕ್ಕನ ಸೊಂಟ ಚಳಿಯಲ್ಲಿ ಈಗಲೂ ನೋಯುತ್ತದೆ. ಮೂಳೆ ಗಟ್ಟಿಯಾಗಲು ಕಾಲ ಹಿಡಿಯುತ್ತದೆ ಎಂದಿದ್ದಾರೆ ಡಾಕ್ಟರಮ್ಮ. ಹಿಡಿಯಲಿ, ನಾನೆಲ್ಲಿಗೂ ಹೋಗಲ್ಲ, ಎಂದಿದ್ದಾಳೆ ಅವಳು.